ಮೊದಲು ಚಕ್ರ, ಅನಂತರ ಚೆಲುವು

ನಮ್ಮ ಕಾಲೇಜಿನ ಅಂಗಳದಲ್ಲಿ ಈಚೆಗೆ ದಪ್ಪ ಟಯರಿನ ಮೌಂಟನ್ ಸೈಕಲುಗಳು ಕಾಣಿಸಿಕೊಳ್ಳತೊಡಗಿವೆ. ಅವುಗಳ ಒಡೆಯರು ಇಬ್ಬರು ಕೂಡಿದರೆ ಮಾತು ಒಂದೇ: ಮುಂದೆ ಯಾವುದನ್ನು ಬದಲಾಯಿಸುವುದು? ಒಬ್ಬನಿಗೆ ಹೊಳೆಯುವ ಪೆಡಲು ಬೇಕು. ಇನ್ನೊಬ್ಬನಿಗೆ ಹೆಚ್ಚಿನ ಗೇರು ಬೇಕು. ಈ ವಿಷಯದಲ್ಲಿ ನನಗೆ ತೋರಿದುದನ್ನು ಸಹಪಾಠಿಗಳ ಮುಂದಿಡುತ್ತೇನೆ.

ನಾನು ಕೂಳೂರಿನಿಂದ ಹೆದ್ದಾರಿ 66ರಲ್ಲಿ ಬರುವವನು. ಪಣಂಬೂರು ಬಂದರಿನ ಲಾರಿಗಳ ಸಾಲು ಅಲ್ಲಿ ಕಡಿಯುವುದೇ ಅಪರೂಪ. ಒಡೆದ ಲಾರಿ ಟಯರುಗಳಿಂದ ಉದುರಿದ ಕೂದಲೆಳೆಯಂತಹ ತಂತಿ ರಸ್ತೆಯ ಅಂಚಿನಲ್ಲಿ ಬಿದ್ದಿರುತ್ತದೆ. ಸೈಕಲಿನವನ ಪಾಲಿಗೆ ಉಳಿದಿರುವುದೂ ಆ ಅಂಚೇ. ಕಳೆದ ವರ್ಷ ಪರೀಕ್ಷೆಯ ದಿನವೇ, ಕೊಟ್ಟಾರ ಚೌಕಿ ಮುಟ್ಟುವ ಮೊದಲೇ, ಹಿಂದಿನ ಚಕ್ರದ ಗಾಳಿ ಇಳಿಯಿತು. ಸೈಕಲನ್ನು ತಳ್ಳಿಕೊಂಡು ಬಂದು ಅರ್ಧ ಗಂಟೆ ತಡವಾಗಿ ಬರೆಯಲು ಕುಳಿತೆ. ಒಂದು ಪ್ರಶ್ನೆ ಹಾಗೆಯೇ ಉಳಿಯಿತು.

“ಟ್ಯೂಬನ್ನೇ ತೆಗೆದುಬಿಡು ಮಾರಾಯಾ” ಎಂದ ಗೆಳೆಯ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ರಿಮ್ಮಿನ ಒಳಗಿನ ತೂತುಗಳನ್ನು ಗಾಳಿ ಬಿಡದ ಟೇಪಿನಿಂದ ಮುಚ್ಚಿ, ಬೇರೆ ವಾಲ್ವು ಕೂರಿಸಿ, ಟಯರಿನೊಳಗೆ ಲೇಟೆಕ್ಸ್ ಬೆರೆತ ದ್ರವವನ್ನು ಸುರಿಯುತ್ತಾರೆ. ಮುಳ್ಳು ಚುಚ್ಚಿದರೆ ಹೊರನುಗ್ಗುವ ಗಾಳಿಯೊಡನೆ ದ್ರವವೂ ಹೋಗಿ ತೂತಿನಲ್ಲಿ ಹೆಪ್ಪುಗಟ್ಟುತ್ತದೆ. ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳನ್ನು ಕಂಡವರಿಗೆ ಇದು ಹೊಸದಲ್ಲ. ಮರವು ತನ್ನ ಗಾಯವನ್ನು ಮುಚ್ಚಿಕೊಳ್ಳುವುದೂ ಆ ಹಾಲಿನಿಂದಲೇ. ಮೇಲಾಗಿ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿಯಲು ಟ್ಯೂಬೇ ಇಲ್ಲದುದರಿಂದ ಗಾಳಿಯನ್ನು ಕಡಮೆ ಇಡಬಹುದು; ಟಯರು ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಘಟ್ಟದ ಕಾಡುದಾರಿಯಲ್ಲಿ ಸವಾರಿ ಮಾಡುವವರಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ನಮ್ಮಲ್ಲಿ ಬಹುಮಂದಿಯ ಸೈಕಲು ಅಗ್ಗದ್ದು. ಟ್ಯೂಬಿಲ್ಲದ ಟಯರಿಗೆಂದೇ ಮಾಡಿದ ರಿಮ್ಮಿನಲ್ಲಿ ಟಯರಿನ ಅಂಚು ಬಿಗಿಯಾಗಿ ಕೂರಲು ಒಳಗೊಂದು ಮೆಟ್ಟಿಲಿರುತ್ತದೆ. ಸಾದಾ ರಿಮ್ಮಿನಲ್ಲಿ ಅದಿರುವುದಿಲ್ಲ. ಅದಕ್ಕೆ ಟೇಪು ಸುತ್ತಿ ಗಾಳಿ ತುಂಬಿದರೆ, ತಿರುವಿನಲ್ಲಿ ಟಯರು ಅಂಚು ಬಿಟ್ಟು ಹಾರಬಹುದು. ಹಿಂದಿನಿಂದ ಲಾರಿ ಬರುತ್ತಿರುವಾಗ ಅದು ಹಾಸ್ಯದ ಮಾತಲ್ಲ. ಆ ದ್ರವವೂ ಶಾಶ್ವತವಲ್ಲ. ನಮ್ಮ ಸೆಕೆಗೆ ಕೆಲವೇ ತಿಂಗಳಲ್ಲಿ ಒಣಗಿ ಸಿಪ್ಪೆಯಾಗುತ್ತದೆ. ಮತ್ತೆ ಕೊಂಡು ಸುರಿಯುತ್ತಿರಬೇಕು. ಒಮ್ಮೆ ಮಾಡಿ ಮರೆಯುವ ಕೆಲಸ ಇದಲ್ಲ.

ಆದುದರಿಂದ ಕೈಯಲ್ಲಿ ಸ್ವಲ್ಪವೇ ಹಣವಿದ್ದಾಗ ಕ್ರಮ ಹೀಗಿರಲಿ. ಮೊದಲು ಬ್ರೇಕು. ಜೂನ್ ತಿಂಗಳ ಮಳೆಯಲ್ಲಿ ಸವೆದ ಬ್ರೇಕಿನ ರಬ್ಬರನ್ನು ನಂಬಿ ಇಳಿಜಾರಿನಲ್ಲಿ ಬರುವವನು ಗೇರಿನ ಸಂಖ್ಯೆಯನ್ನು ಎಣಿಸಿ ಫಲವಿಲ್ಲ. ಎರಡನೆಯದು ಟಯರು. ಡಾಂಬರು ರಸ್ತೆಗೆ ಗುಬಟುಗುಬಟಾದ ಟಯರು ವ್ಯರ್ಥ ಶ್ರಮ. ನಡುಭಾಗ ನಯವಾದ, ಮುಳ್ಳು ತಡೆಯುವ ಪದರವಿರುವ ಟಯರು ಮೇಲು. ಮೂರನೆಯದಾಗಿ, ರಿಮ್ಮು ತಕ್ಕದ್ದಾಗಿದ್ದರೆ ಮಾತ್ರ ಟ್ಯೂಬನ್ನು ತೆಗೆಯುವ ವಿಚಾರ. ಆಗಲೂ ಚೀಲದಲ್ಲಿ ಒಂದು ಟ್ಯೂಬು, ಒಂದು ಸಣ್ಣ ಪಂಪು ಇರಲೇಬೇಕು. ದೊಡ್ಡ ಸೀಳನ್ನು ಯಾವ ದ್ರವವೂ ಮುಚ್ಚದು. ಪೆಡಲಿನ ಹೊಳಪು ಕಟ್ಟಕಡೆಗೆ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಗಾದೆ ಸೈಕಲಿಗೂ ಸಲ್ಲುತ್ತದೆ.

ನಾನು ಗೆಳೆಯನ ಮಾತಿನಂತೆ ನಡೆಯಲಿಲ್ಲ. ನನ್ನ ರಿಮ್ಮು ಸಾದಾ ರಿಮ್ಮು. ಹೊಸ ಬ್ರೇಕಿನ ರಬ್ಬರನ್ನೂ ಒಳ್ಳೆಯ ಟಯರನ್ನೂ ಹಾಕಿಸಿದೆ. ಪಂಚರ್ ಅಂಗಡಿಯ ಹಿರಿಯರ ಬಳಿ ಒಂದು ಸಂಜೆ ಕುಳಿತು ತೇಪೆ ಹಚ್ಚುವುದನ್ನು ಕಲಿತೆ. ಈ ವರ್ಷವೂ ಎರಡು ಸಲ ತಂತಿ ಚುಚ್ಚಿತು. ಎರಡು ಸಲವೂ ರಸ್ತೆಯ ಬದಿಯಲ್ಲೇ ಸರಿಪಡಿಸಿಕೊಂಡು ಮೊದಲ ಗಂಟೆ ಬಾರಿಸುವ ಮುನ್ನ ತರಗತಿಯಲ್ಲಿದ್ದೆ. ಹೊಸದನ್ನು ಕೊಳ್ಳುವ ಮೊದಲು ಇರುವುದನ್ನು ದುರಸ್ತಿ ಮಾಡಲು ಕಲಿಯುವುದೇ ಸೈಕಲಿಗೆ ನಾವು ಮಾಡಬಹುದಾದ ಮೊದಲ ಸುಧಾರಣೆ ಎಂದು ನನ್ನ ನಂಬಿಕೆ.