ಕಟ್ಟಿಗೆಯವರಿಗೂ ಬೇಕು ಬೇಸಿಗೆಯ ವೇಳೆ

ಏಪ್ರಿಲ್ ಬಂತೆಂದರೆ ನಮ್ಮ ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆಗೆ ವಿಜಯಪುರ, ಬಾಗಲಕೋಟೆಗೂ ಸೇರಿಸಿ ಸರ್ಕಾರ ಆದೇಶ ಹೊರಡಿಸುತ್ತದೆ: ಏಪ್ರಿಲ್, ಮೇ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ. ಬಿಸಿಲು 40 ಡಿಗ್ರಿ ದಾಟುವ ಊರಿಗೆ ಇದು ತಕ್ಕ ಆದೇಶವೇ. ಆದರೆ ಫ್ಯಾನಿನ ಕೆಳಗೆ ಕೂತವರಿಗೆ ಸಿಕ್ಕ ಈ ವೇಳೆ, ಬಯಲಲ್ಲಿ ಕೊಡಲಿ ಎತ್ತುವವರಿಗೆ ಯಾಕೆ ಸಿಗಲಿಲ್ಲ ಎಂಬುದು ಪ್ರತಿ ಬೇಸಿಗೆಯಲ್ಲೂ ನನ್ನನ್ನು ಕಾಡುತ್ತದೆ.

ಕಟ್ಟಿಗೆ ಕಡಿಯುವ ಈ ಕೆಲಸವನ್ನು ತಂಪು ದಿನಗಳಿಗೆ ದೂಡಬಾರದೇ ಎಂದು ಕೇಳುವವರುಂಟು. ದೂಡಲು ಬರುವುದಿಲ್ಲ. ಜೋಳ, ಕಡಲೆ ರಾಶಿ ಮುಗಿದು ಹೊಲ ಬರಿದಾದ ಮೇಲೆ ಕೂಲಿ ನಿಲ್ಲುತ್ತದೆ. ಆಗ ಕೈಗೆ ಸಿಗುವ ದುಡಿಮೆಗಳಲ್ಲಿ ಇದೊಂದು. ಮಿರಗಾ ಮಳೆ ಹಿಡಿಯುವುದರೊಳಗೆ ಕಟ್ಟಿಗೆ ಒಣಗಿ, ಒಟ್ಟಿ, ಮುಚ್ಚಿ ಆಗಿರಬೇಕು. ಮದುವೆ, ಜಾತ್ರೆಗಳ ದೊಡ್ಡ ಅಡುಗೆಯೂ ಇಟ್ಟಿಗೆ ಭಟ್ಟಿಗಳ ಬೆಂಕಿಯೂ ಇದೇ ತಿಂಗಳುಗಳವು. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಿಂದ ಹಳ್ಳಿಗಳಿಗೂ ಸಿಲಿಂಡರ್ ಬಂತು, ನಿಜ. ಆದರೂ ರೊಟ್ಟಿಯ ಒಲೆ, ಸ್ನಾನದ ನೀರಿನ ಹಂಡೆ ಬಹಳ ಮನೆಗಳಲ್ಲಿ ಇನ್ನೂ ಕಟ್ಟಿಗೆಯನ್ನೇ ಕೇಳುತ್ತವೆ.

ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಗಳು ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಝಳ ಬಿಡುತ್ತಿರುತ್ತವೆ. ಹುನಗುಂದದ ಎರೆಹೊಲಗಳಲ್ಲಿ ನೆಲ ಬಾಯಿ ಬಿಟ್ಟಿರುತ್ತದೆ. ಬದುವಿನಲ್ಲೊಂದು ಬೇವಿನ ಮರ ಸಿಕ್ಕರೆ ಪುಣ್ಯ. ಹಳ್ಳದ ದಂಡೆಯಲ್ಲಿ, ಇಳಕಲ್ ಕಡೆಯ ರಸ್ತೆಗಳ ಬದಿಯಲ್ಲಿ ಕಡಿಯಲು ಸಿಗುವುದು ಹೆಚ್ಚಾಗಿ ಬಳ್ಳಾರಿ ಜಾಲಿ. ಅದರ ಸಣ್ಣ ಎಲೆಗಳಿಗೆ ನೆರಳು ಕೊಡುವ ಶಕ್ತಿಯಿಲ್ಲ, ಮುಳ್ಳಿಗೆ ಮಾತ್ರ ಲೆಕ್ಕವಿಲ್ಲ. ಆ ಮುಳ್ಳಿಗೆ ಹೆದರಿ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಗುಂಡಿ ಹಾಕಿ, ತಲೆಗೆ ಬಟ್ಟೆ ಸುತ್ತಿಕೊಂಡು ಇಳಿಯುತ್ತಾರೆ. ಅಂಗಿ ಮುಳ್ಳನ್ನು ತಡೆಯುತ್ತದೆ, ಒಳಗೆ ಮೈ ಬೇಯುತ್ತದೆ.

ಕೊಡಲಿ ಬೀಸುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗುತ್ತದೆ. ಸುತ್ತಲ ಗಾಳಿ ಮೈಗಿಂತ ಬಿಸಿಯಾದಾಗ ಆ ಶಾಖ ಹೊರಬೀಳಲು ಉಳಿಯುವ ದಾರಿ ಬೆವರು ಆರುವುದೊಂದೇ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ನಮ್ಮ ಒಣ ಗಾಳಿಯಲ್ಲಿ ಬೆವರು ಬಂದಲ್ಲೇ ಆರುವುದರಿಂದ, ಎಷ್ಟು ನೀರು ಕಳೆದುಕೊಂಡೆವೆಂದು ದುಡಿಯುವವರಿಗೇ ತಿಳಿಯುವುದಿಲ್ಲ. ಸಂಜೆ ಅಂಗಿಯ ಬೆನ್ನ ಮೇಲೆ ಮೂಡಿದ ಬಿಳಿ ಉಪ್ಪಿನ ಪಟ್ಟಿ ನೋಡಿಯೇ ತಿಳಿಯಬೇಕು. ಮೇ ಕೊನೆಯ ಮೋಡದ ದಿನಗಳು ಇನ್ನೊಂದು ಥರ ಕೆಟ್ಟವು. ಧಗೆಯಲ್ಲಿ ಬೆವರು ಇಳಿಯುತ್ತದೆ, ಆರುವುದಿಲ್ಲ. ಬಿಸಿಲಿಲ್ಲವೆಂದು ಎರಡು ಹೊರೆ ಹೆಚ್ಚು ಕಡಿಯುವುದೂ ಆಗಲೇ.

ಬಿಸಿಲನ್ನು ಹೇಗೆ ಕಳೆಯಬೇಕೆಂದು ಈ ಜನಕ್ಕೆ ಯಾರೂ ಕಲಿಸಬೇಕಿಲ್ಲ. ಜೋಳದ ಅಂಬಲಿ, ನುಚ್ಚು ಮಜ್ಜಿಗೆ, ರೊಟ್ಟಿಯ ಜೊತೆ ಉಳ್ಳಾಗಡ್ಡಿ: ನೀರು, ಉಪ್ಪು ಎರಡೂ ಅದರಲ್ಲಿವೆ. ನಸುಕಿನಲ್ಲಿ ಹೊರಟು, ಬಿಸಿಲೇರುವುದರೊಳಗೆ ಹೊರೆ ಇಳಿಸಬೇಕೆಂಬುದೂ ಗೊತ್ತು. ತಡೆಯುವುದು ಕೂಲಿಯ ಲೆಕ್ಕ. ದುಡ್ಡು ತೂಕದ ಮೇಲೆ, ಹೊರೆಯ ಮೇಲೆ ಸಿಗುವಾಗ ನೆರಳಲ್ಲಿ ಕೂತ ಗಳಿಗೆಗೆ ಕವಡೆಯೂ ಇಲ್ಲ. ಕೊಳ್ಳುವವರು ಹನ್ನೊಂದಕ್ಕೆ ಬಾಗಿಲು ತೆಗೆದರೆ ನಸುಕಿನಲ್ಲಿ ಕಡಿದ ಹೊರೆಯನ್ನೂ ನಡುನೆತ್ತಿಯ ಬಿಸಿಲಲ್ಲೇ ಹೊತ್ತು ತರಬೇಕು. ಕತಾರ್‌ನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಅದನ್ನು ಪಾಲಿಸಬೇಕಾದದ್ದು ಮಾಲೀಕ. ನಮ್ಮಲ್ಲಿ ಕಟ್ಟಿಗೆಯವರಿಗೆ ಮಾಲೀಕನೆಂಬುವನೇ ಇಲ್ಲ, ಇರುವವರು ಗಿರಾಕಿಗಳು. ಹಾಗಾಗಿ ಹೊಣೆ ಗಿರಾಕಿಗಳ ಮೇಲೆ ಬರಬೇಕು.

ಕೂಡಲಸಂಗಮ ಇರುವುದು ಇದೇ ಹುನಗುಂದ ತಾಲ್ಲೂಕಿನಲ್ಲಿ. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಕಟ್ಟಿಗೆ ಮಾರಿ ದಾಸೋಹ ನಡೆಸಿದ ಮೋಳಿಗೆ ಮಾರಯ್ಯ ಮೊದಲು ಕಾಶ್ಮೀರದ ಅರಸನಾಗಿದ್ದನೆಂದು ಐತಿಹ್ಯ ಹೇಳುತ್ತದೆ. ಆ ಹೊರೆಯನ್ನು ಕಾಯಕವೆಂದು ಕೊಂಡಾಡುವ ನಾವು, ಇಂದು ಹೊರೆ ತಂದವರನ್ನು ಅಂಗಳದ ಬಿಸಿಲಲ್ಲಿ ನಿಲ್ಲಿಸಿ ದರ ಚೌಕಾಸಿ ಮಾಡುವುದು ನನಗೆ ಸಹಿಸಲಾಗದ ಮಾತು.

ಇನ್ನೆರಡು ಸಂಗತಿ. ಮೈ ಬಿಸಿಲಿಗೆ ಪಳಗಲು ಒಂದೆರಡು ವಾರ ಹಿಡಿಯುತ್ತದೆ. ದುಡಿಯಲು ಹೋಗಿ ಊರಿಗೆ ಮರಳಿದವರು, ರಜೆಯಲ್ಲಿ ಕೊಡಲಿ ಹಿಡಿಯುವ ಹುಡುಗರು ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ ಮಾಡಿ, ದಿನಕ್ಕೊಂದು ಪಾಲು ಏರಿಸಿಕೊಳ್ಳಬೇಕು. ಯಾರಾದರೂ ತಡವರಿಸಿ ಮಾತಾಡಿದರೆ, ಹೆಜ್ಜೆ ತಪ್ಪಿದರೆ ಅದು ಬರೀ ದಣಿವೆಂದು ಬಿಡಬಾರದು. ನೆರಳಿಗೆ ಒಯ್ದು, ಮೈ ಮೇಲೆ ನೀರು ಸುರಿದು, ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಖಾನಾವಳಿಯವರು, ಭಟ್ಟಿಯವರು, ಮದುವೆ ಮನೆಯವರು ಬೆಳಿಗ್ಗೆ 9ರೊಳಗೆ ಇಲ್ಲವೇ ಸಂಜೆ 5ರ ಮೇಲೆ ಕಟ್ಟಿಗೆ ಇಳಿಸಿಕೊಳ್ಳಲಿ. ತಕ್ಕಡಿಯ ಹತ್ತಿರ ಒಂದು ಹಂದರ, ಒಂದು ಹರವಿ ನೀರು ಇರಲಿ. ಮೇ ತಿಂಗಳ ಹೊರೆಗೆ ಡಿಸೆಂಬರ್‌ನ ದರಕ್ಕಿಂತ ಹೆಚ್ಚು ಕೊಡಲಿ. ಆ ಹೆಚ್ಚಿನ ದುಡ್ಡಿದ್ದರೆ ಕಡಿಯುವವರು ಮಧ್ಯಾಹ್ನ ಕೊಡಲಿ ಕೆಳಗಿಡಬಹುದು. ಇದಕ್ಕೆ ಬೆಂಗಳೂರಿನ ಆದೇಶಕ್ಕಾಗಿ ಕಾಯಬೇಕಿಲ್ಲ, ಆಯಾ ಊರಿನ ಗ್ರಾಮ ಪಂಚಾಯಿತಿ ಯುಗಾದಿಯೊಳಗೆ ಕೂತು ಗೊತ್ತು ಮಾಡಿದರೆ ಸಾಕು.