ಸರಕಾರದ ಸಾಲವನ್ನು ಅಳೆಯುವ ಬಗೆ

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳ ಹಳ್ಳಿಗಳಲ್ಲಿ ಹಿರಿಯರು ಕೂಡಿದಲ್ಲೆಲ್ಲ ‘ಸರಕಾರವು ಸಾಲದಲ್ಲಿ ಮುಳುಗಿತು’ ಎಂಬ ಮಾತು ಕೇಳಬರುವದು. ಈ ಮಾತನ್ನಾಡುವ ಮೊದಲು ಸಾಲವನ್ನು ಅಳೆಯುವ ಬಗೆಯನ್ನು ಅರಿತುಕೊಳ್ಳುವದು ಅವಶ್ಯವು.

ಒಂದು ಲಕ್ಷ ರೂಪಾಯಿಯ ಸಾಲವು ಎರಡೆಕರೆ ಖುಷ್ಕಿ ಜಮೀನಿನವನಿಗೆ ಭಾರವಾಗುವದು. ಇಪ್ಪತ್ತೆಕರೆ ನೀರಾವರಿಯುಳ್ಳವನಿಗೆ ಅದೇ ಸಾಲವು ಹಗುರವು. ಅದರಂತೆಯೇ ಸರಕಾರದ ಕೊರತೆಯನ್ನು ಬರಿಯ ಕೋಟಿಗಳಿಂದ ಎಣಿಸದೆ, ನಾಡಿನ ಜನರೆಲ್ಲರ ಒಂದು ವರ್ಷದ ಒಟ್ಟು ಉತ್ಪನ್ನದೊಡನೆ ತೂಗಿ ನೋಡತಕ್ಕದ್ದು. ಕರ್ನಾಟಕವು 2002ರಲ್ಲಿ ದೇಶದ ಎಲ್ಲ ರಾಜ್ಯಗಳಿಗಿಂತ ಮೊದಲು ಈ ವಿಷಯವಾಗಿ ಕಾಯದೆ ಮಾಡಿ, ವರ್ಷದ ವಿತ್ತೀಯ ಕೊರತೆಗೆ ಉತ್ಪನ್ನದ ಶೇಕಡಾ 3ರ ಮಿತಿಯನ್ನು ಹಾಕಿತು. 2025-26ರ ಅಂದಾಜು ಪತ್ರಿಕೆಯಲ್ಲಿ ಈ ಕೊರತೆಯು 90,428 ಕೋಟಿ ರೂಪಾಯಿ, ಎಂದರೆ ಶೇಕಡಾ 2.95 ಇದ್ದಿತು. ಮಿತಿಯೊಳಗಿನ ಈ ಸಾಲವನ್ನು ಮುಳುಗಡೆಯೆಂದು ಕರೆಯಲಾಗದು.

ಆದರೆ ಕೊರತೆಯ ಗಾತ್ರಕ್ಕಿಂತ ಸಾಲದ ವಿನಿಯೋಗವೇ ಮುಖ್ಯವೆಂದು ನನ್ನ ಅಭಿಪ್ರಾಯವು. ಅದೇ ಪತ್ರಿಕೆಯಲ್ಲಿ ರಾಜಸ್ವ ಕೊರತೆಯು 19,262 ಕೋಟಿ ಇದ್ದಿತು. ಅಂದರೆ ಸಾಲ ತಂದ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು 21 ರೂಪಾಯಿ ನಿತ್ಯದ ವೆಚ್ಚಕ್ಕೆ ಹೋಗತಕ್ಕದ್ದಾಗಿತ್ತು. ಬಾವಿ ತೋಡಿಸಲು ಸಾಲ ತಂದವನು ಬೆಳೆಯಿಂದ ಅದನ್ನು ತೀರಿಸುವನು; ಸಂತೆಯ ಖರ್ಚಿಗೆ ಸಾಲ ತಂದವನು ಅದನ್ನು ತೀರಿಸಲು ಮತ್ತೊಂದು ಸಾಲವನ್ನೇ ಹುಡುಕುವನು. 2002ರ ಕಾಯದೆಯು ರಾಜಸ್ವ ಕೊರತೆಯನ್ನು ಪೂರ್ಣವಾಗಿ ಇಲ್ಲದಂತೆ ಮಾಡಬೇಕೆಂದದ್ದು ಇದೇ ಕಾರಣದಿಂದ.

ಆಪತ್ಕಾಲದ ಮಾತು ಬೇರೆ. ಮಹಾಮಾರಿಯ 2020-21ರಲ್ಲಿ ಕೇಂದ್ರ ಸರಕಾರದ ಕೊರತೆಯು ದೇಶದ ಉತ್ಪನ್ನದ ಶೇಕಡಾ 9.2ಕ್ಕೆ ಏರಿತು. ಮನೆಗೆ ಬೆಂಕಿ ಬಿದ್ದಾಗ ನೀರಿನ ಲೆಕ್ಕವನ್ನು ಯಾರೂ ಇಡಲಾರರು. ಬೆಂಕಿ ಆರಿದ ಮೇಲೆ ಮಾತ್ರ ಲೆಕ್ಕಕ್ಕೆ ಮರಳಲೇಬೇಕು. 2025-26ರ ಅಂದಾಜಿನಲ್ಲಿ ಕೇಂದ್ರವು ಅದನ್ನು ಶೇಕಡಾ 4.4ಕ್ಕೆ ಇಳಿಸಹೊರಟಿತು.

ಇದರಲ್ಲಿ ನಮ್ಮ ಪಾಲೂ ಇರುವದು. 2008ರಲ್ಲಿ ಕೇಂದ್ರ ಸರಕಾರವೂ 2018ರಲ್ಲಿ ರಾಜ್ಯ ಸರಕಾರವೂ ಒಕ್ಕಲಿಗರ ಸಾಲ ಮನ್ನಾ ಮಾಡಿದವು. ಅದರಿಂದ ನೊಂದವರಿಗೆ ಉಸಿರು ಬಂದಿತೆಂಬುದು ನಿಜ. ಆದರೆ ಯಾವ ಕೆರೆಯಲ್ಲಿಯೂ ಒಂದು ಕೊಡ ನೀರು ಹೆಚ್ಚಲಿಲ್ಲ. ಮದಗ-ಮಾಸೂರ ಕೆರೆಯನ್ನು ಕಟ್ಟಿ ಶತಮಾನಗಳು ಕಳೆದರೂ ಅದರ ಫಲವು ಇನ್ನೂ ನಿಂತಿಲ್ಲ. ಹಾನಗಲ್ಲ ಭಾಗದ ಭತ್ತಕ್ಕೂ ಸವಣೂರಿನ ವೀಳ್ಯದೆಲೆಯ ತೋಟಗಳಿಗೂ ಬೇಕಾದದ್ದು ಇಂಥ ಬಾಳುವ ಕೆಲಸವೇ.

ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಸರಕಾರಕ್ಕೆ ಅರ್ಜಿ ಬರೆಯುವಾಗ, ಬೇಡುವ ಹಣದಿಂದ ಹತ್ತು ವರ್ಷಗಳ ತರುವಾಯ ಊರಲ್ಲಿ ಏನು ಉಳಿಯುವದೆಂದು ಮೊದಲು ಕೇಳಿಕೊಳ್ಳಬೇಕು. ಕೆರೆಯ ಹೂಳು ತೆಗೆಸುವದನ್ನೂ ಕಾಲುವೆಯ ದುರಸ್ತಿಯನ್ನೂ ಉಗ್ರಾಣವನ್ನೂ ಮುಂದಾಗಿ ಕೇಳಬೇಕು. ಹಾಗೆ ತಂದ ಸಾಲವು ಉತ್ಪನ್ನವನ್ನು ಹೆಚ್ಚಿಸುವದು. ಉತ್ಪನ್ನವು ಹೆಚ್ಚಿದಂತೆ ಸಾಲದ ಭಾರವು ತಾನಾಗಿಯೇ ತಗ್ಗುವದು.