ಮಂಚದಿಂದ ನಾಲ್ಕು ಹೆಜ್ಜೆ



ಕಳೆದ ತಿಂಗಳು ಖಾಸಬಾಗದ ಹಿರಿಯ ನೇಕಾರರೊಬ್ಬರನ್ನು ಕಾಣಲು ಆಸ್ಪತ್ರೆಗೆ ಹೋಗಿದ್ದೆವು. ವಯಸ್ಸು ಎಪ್ಪತ್ತಾರು. ಜ್ವರಕ್ಕೆಂದು ಸೇರಿದವರು. ನಾವು ಹೋದಾಗ ಜ್ವರ ಇಳಿದಿತ್ತು, ತೊಡೆಯ ಎಲುಬು ಮುರಿದಿತ್ತು. ಹಿಂದಿನ ರಾತ್ರಿ ಮೂತ್ರಕ್ಕೆಂದು ಒಬ್ಬರೇ ಎದ್ದು ಬಿದ್ದಿದ್ದರು. ಮಗ ಮಂಚದ ಪಕ್ಕದಲ್ಲಿಯೇ ನೆಲದ ಮೇಲೆ ಮಲಗಿದ್ದ. "ಹಗಲೆಲ್ಲ ಮಗ್ಗ ನಡಿಸಿ ಬಂದಾನ, ನಾಕು ಹೆಜ್ಜಿಗೆ ಅವನ್ನ ಯಾಕ ಎಬ್ಬಸೂದಂತ ಬಿಟ್ಟೆ, ಗುರುಗಳ" ಎಂದರು. ಐವತ್ತು ವರ್ಷ ಕುಣಿಮಗ್ಗದಲ್ಲಿ ಆಡಿದ ಕಾಲುಗಳ ಮೇಲೆ ಅವರಿಗೆ ಅಷ್ಟು ನಂಬಿಕೆ.

ಮನೆಯವರು ಗ್ರಹಚಾರವೆಂದರು. ನಾವು ಒಪ್ಪಲಿಲ್ಲ. ಮನೆಯಲ್ಲಿ ಕತ್ತಲೆಯಲ್ಲೂ ತಿರುಗಾಡಬಲ್ಲವರು ಆಸ್ಪತ್ರೆಯಲ್ಲಿ ಪರಸ್ಥಳದವರೇ. ಕೆಲವೇ ದಿನ ಮಲಗಿದರೂ ಮುಪ್ಪಿನಲ್ಲಿ ಕಾಲಿನ ಸ್ನಾಯುಗಳು ಸೊರಗುತ್ತವೆ. ನಿದ್ರೆಯ ಗುಳಿಗೆ ಮಂಪರು ಕವಿಸುತ್ತದೆ. ರಕ್ತದೊತ್ತಡದ ಔಷಧದಿಂದ ಎದ್ದೊಡನೆ ಕಣ್ಣು ಕತ್ತಲೆಗಟ್ಟುವುದುಂಟು. ಮೂತ್ರ ಹೆಚ್ಚಿಸುವ ಗುಳಿಗೆಯಂತೂ ನಡುರಾತ್ರಿ ಎಬ್ಬಿಸಿಯೇ ತೀರುತ್ತದೆ. ಇವರ ಕನ್ನಡಕ ಮನೆಯ ಗೂಡಿನಲ್ಲಿತ್ತು, ಕಾಲಲ್ಲಿ ಸವೆದ ರಬ್ಬರ್ ಚಪ್ಪಲಿ, ಕೈಗೆ ಸಲೈನ್ ನಳಿಕೆ.

ಜಾನಿಸ್ ಮೋರ್ಸ್ ಎಂಬ ಶುಶ್ರೂಷಾ ವಿದುಷಿ 1989ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಇತ್ತೀಚೆಗೆ ಬಿದ್ದ ಉದಾಹರಣೆಯಿದ್ದರೆ 25 ಅಂಕ. ಸಲೈನ್ ಹಚ್ಚಿದ್ದರೆ 20. ಮಂಚ-ಮೇಜುಗಳನ್ನು ಹಿಡಿದು ನಡೆದರೆ 30. ತನ್ನ ಶಕ್ತಿಯ ಮಿತಿಯನ್ನು ಮರೆಯುವವರಿಗೆ 15. ಈ ಕಡೆಯ ಅಂಕವನ್ನು ಓದಿದಾಗ ನಮಗೆ ನಮ್ಮ ಹಿರಿಯರೆಲ್ಲರೂ ನೆನಪಾದರು, ನಾವೂ ಅದಕ್ಕೆ ಹೊರತಲ್ಲ. ಅವರು ಹಬ್ಬದ ಹೊತ್ತಿಗೆ ಹಿತ್ತಲಲ್ಲಿ ಜಾರಿ ಬಿದ್ದದ್ದನ್ನು ವೈದ್ಯರಿಗೆ ಯಾರೂ ತಿಳಿಸಿರಲಿಲ್ಲ. ಕಂಡದ್ದನ್ನು ಹಿಡಿದು ನಡೆಯುತ್ತಿದ್ದುದನ್ನು ಸೊಸೆ ಮಾತ್ರ ಬಲ್ಲಳು. ಕೂಡಿಸಿದೆವು, 90 ಆಯಿತು. 45 ಮುಟ್ಟಿದರೇ ಅಪಾಯ ಹೆಚ್ಚೆಂದು ಸಾಮಾನ್ಯವಾಗಿ ಎಣಿಸುತ್ತಾರೆ.

ಆದ್ದರಿಂದ ಹಿರಿಯರನ್ನು ಆಸ್ಪತ್ರೆಗೆ ಸೇರಿಸುವಾಗ ಹಿಂದೆ ಬಿದ್ದದ್ದನ್ನು ಮುಚ್ಚಿಡದೆ ಹೇಳಿರಿ. ನುಂಗುತ್ತಿರುವ ಗುಳಿಗೆಗಳನ್ನೆಲ್ಲ ತೋರಿಸಿರಿ. ಕನ್ನಡಕ ಮತ್ತು ಹಿಮ್ಮಡಿ ಬಿಗಿಯಾಗಿ ಕೂರುವ ಪಾದರಕ್ಷೆ ಜೊತೆಗಿರಲಿ. ಮಲಗುವ ಮುನ್ನ ಒಮ್ಮೆ ಶೌಚಕ್ಕೆ ಕರೆದೊಯ್ಯಿರಿ. ಎದ್ದ ಮೇಲೆ ಮಂಚದ ಅಂಚಿನಲ್ಲಿ ತುಸು ಹೊತ್ತು ಕುಳ್ಳಿರಿಸಿ, ತಲೆ ತಿರುಗದಿದ್ದರೆ ಮಾತ್ರ ನಿಲ್ಲಿಸಿರಿ. ಇನ್ನು ಸಂಕೋಚದ ಮಾತು. ಇದಕ್ಕೆ ವೈದ್ಯರಲ್ಲಿ ಮದ್ದಿಲ್ಲ. ಎಬ್ಬಿಸಿದರೆ ತಮಗೆ ಬೇಸರವಿಲ್ಲವೆಂಬುದನ್ನು ಮಕ್ಕಳೇ ಹಗಲಿನಲ್ಲಿ, ಬಾಯಿಬಿಟ್ಟು ಹೇಳಬೇಕು.

ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಹೋಗಿದ್ದೆವು. ಮಗ ಮನೆಯ ಪೂಜೆಯ ಚಿಕ್ಕ ಗಂಟೆಯನ್ನು ತಂದು ತಂದೆಯ ದಿಂಬಿನ ಬಳಿ ಇಟ್ಟಿದ್ದ. ಮೊದಲ ರಾತ್ರಿ ಅವರು ಬಾರಿಸಲೇ ಇಲ್ಲವಂತೆ. ಎರಡನೆಯ ರಾತ್ರಿ ಎರಡು ಸಲ ಬಾರಿಸಿದರಂತೆ.